ಟಿಸಿ ಕೊಟ್ಟು ಕಳಿಸಬೇಡಿ, ಜೊತೆಗೆ ನಿಲ್ಲಿ

ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ರಾಜ್ಯದ ಪಿಯು ಕಾಲೇಜು ಮತ್ತು ಹೈಸ್ಕೂಲುಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಹದಿನಾರು ಹದಿನೇಳರ ಮಕ್ಕಳ ಮಧ್ಯೆಯೇ ನನ್ನ ದಿನ ಕಳೆಯುತ್ತದೆ. ಈ ಮಕ್ಕಳ ಹಾಜರಾತಿ, ಸಿಇಟಿ, ಬಸ್ ಪಾಸ್, ಸ್ಕಾಲರ್‌ಶಿಪ್ ಬಗ್ಗೆ ನಾವು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತೇವೆ. ಅವರ ಲವ್ ವಿಷಯ ಬಂದರೆ ಮಾತ್ರ ಸ್ಟಾಫ್ ರೂಮಿನಲ್ಲಿ ಪಿಸುಗುಡುತ್ತೇವೆ, ಇಲ್ಲವೇ ಅಪ್ಪ ಅಮ್ಮನನ್ನು ಕರೆಸಿ ಟಿಸಿ ಮಾತು ಎತ್ತುತ್ತೇವೆ. ಆ ಲವ್ ಒಳಗೆ ಒಬ್ಬರು ಇನ್ನೊಬ್ಬರಿಗೆ ಹೊಡೆಯುತ್ತಿದ್ದಾರಾ, ಹೆದರಿಸುತ್ತಿದ್ದಾರಾ, ಫೋಟೋ ಇಟ್ಟುಕೊಂಡು ಆಟ ಆಡಿಸುತ್ತಿದ್ದಾರಾ ಅಂತ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಕೇಳಿ ಅಂತ ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ಬಂದ ಮೇಲೆ ಆ ಮಗುವಿನ ಕೈ ಬಿಡಬೇಡಿ ಅಂತಲೂ ಬರೆಯುತ್ತಿದ್ದೇನೆ. ಇಂಥ ಹಿಂಸೆಯಿಂದ ಹೊರಗೆ ಬಂದ ಮಕ್ಕಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಪ್ರತಿಯೊಬ್ಬರ ಪಕ್ಕದಲ್ಲೂ ಯಾರೋ ಒಬ್ಬರು ಇದ್ದರು. ಒಬ್ಬ ಗೆಳತಿ, ಒಬ್ಬ ಚಿಕ್ಕಮ್ಮ, ಒಬ್ಬ ಲ್ಯಾಬ್ ಅಟೆಂಡರ್. ಯಾರೂ ಇಲ್ಲದ ಮಕ್ಕಳು ಕಾಲೇಜು ಬಿಟ್ಟರು, ಇಲ್ಲವೇ ಮನೆಯವರು ಅವಸರದಲ್ಲಿ ಮದುವೆ ಮಾಡಿ ಕಳಿಸಿದರು.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಸೆಕೆಂಡ್ ಪಿಯು, ಚೆನ್ನಾಗಿ ಓದುವವಳು. ಪ್ರತಿ ಪೀರಿಯಡ್ ಶುರುವಾದ ಕೂಡಲೇ ಬೆಂಚಿನ ಕೆಳಗಿಂದ ಫೋನ್ ತೆಗೆದು ಬೋರ್ಡಿನ ಫೋಟೋ ಹೊಡೆಯುತ್ತಿದ್ದಳು. ನೋಟ್ಸ್‌ಗೆ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಬೋರ್ಡ್ ಮೇಲೆ ಬರೀ ತಾರೀಖು ಇದ್ದಾಗಲೂ ಹೊಡೆಯುತ್ತಿದ್ದಳು. ಅದು ಅವಳು ಕ್ಲಾಸಿನಲ್ಲೇ ಇದ್ದಾಳೆ ಅನ್ನುವುದಕ್ಕೆ ಸಾಕ್ಷಿ. ಅವಳು ಲವ್ ಮಾಡುತ್ತಿದ್ದ ಹುಡುಗ ಆ ಫೋಟೋ ಕಳಿಸು ಅನ್ನುತ್ತಿದ್ದ. ಸ್ವಲ್ಪ ತಡವಾದರೂ ಬ್ಯಾಗಿನೊಳಗೆ ಫೋನ್ ಗುಂಯ್ ಅನ್ನುತ್ತಲೇ ಇರುತ್ತಿತ್ತು. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಅವನ ಹತ್ತಿರ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹೆಚ್ಚೆಂದರೆ ಎಂಟು ತಾಸಿಗೆ ತಾನಾಗಿ ಆಫ್ ಆಗುತ್ತದಲ್ಲ, ಆದ ತಕ್ಷಣ ಮತ್ತೆ ಆನ್ ಮಾಡಬೇಕು. 'ನನ್ನ ಮೇಲೆ ನಂಬಿಕೆ ಇದ್ರೆ ಮಾಡ್ತೀಯ' ಅನ್ನುತ್ತಿದ್ದನಂತೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಮಣಿಕಟ್ಟು ತಿರುಚಿದ. ಮಾರನೇ ದಿನ 'ನೀನು ಬಿಟ್ರೆ ಕೈ ಕುಯ್ಕೊಳ್ತೀನಿ' ಅಂತ ಅಳುತ್ತಾ ವಾಯ್ಸ್ ಮೆಸೇಜ್ ಕಳಿಸಿದ.

ಅವಳ ಕೈಗೆ ಕಟ್ಟಿದ್ದ ಕರ್ಚೀಫ್ ಬಿಚ್ಚಿಸಿ ನೋಡಿದ್ದು ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ. ಆ ಗೆಳತಿ 'ಬಿಟ್ಟಾಕು ಅವನನ್ನ' ಅನ್ನಲಿಲ್ಲ. 'ನಾಳೆಯಿಂದ ಬಸ್ ಸ್ಟ್ಯಾಂಡ್ ತನಕ ನಾನೂ ಬರ್ತೀನಿ' ಅಂದಳು. ಅವಳ ಊರಿನ ಬಸ್ ಹೊರಡುವುದು ಊರಿನ ಇನ್ನೊಂದು ತುದಿಯಿಂದ. ಆದರೂ ಹೋದಳು. ಸ್ವಲ್ಪ ದಿನ ಆದ ಮೇಲೆ ಇಬ್ಬರೂ ಸೇರಿ ಲೈಬ್ರರಿ ಮೇಡಂ ಹತ್ತಿರ ಬಂದರು. ಆ ಮೇಡಂ ಬಾಗಿಲು ಮುಂದೆ ಮಾಡಿ, ಇಬ್ಬರನ್ನೂ ಕೂರಿಸಿ, ಪೂರ್ತಿ ಕೇಳಿಸಿಕೊಂಡರು. ಮಧ್ಯದಲ್ಲಿ ಒಮ್ಮೆಯೂ 'ನೀನ್ಯಾಕೆ ಅವನ ಜೊತೆ ಹೋದೆ' ಅನ್ನಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: 'ಹೇಳಿದ್ದು ಒಳ್ಳೇದಾಯ್ತು. ಅವನು ಮಾಡಿದ್ದಕ್ಕೆ ನೀನು ಕಾರಣ ಅಲ್ಲ. ಮುಂದೆ ಏನು ಮಾಡೋದು ಅಂತ ಒಟ್ಟಿಗೆ ಯೋಚನೆ ಮಾಡೋಣ.'

ಅವಳು ಅಲ್ಲಿಗೇ ಬಚಾವಾಗಲಿಲ್ಲ. ಮಧ್ಯದಲ್ಲಿ ಮತ್ತೆ ಅವನ ಜೊತೆ ಮಾತು ಶುರು ಮಾಡಿದಳು. ಗೆಳತಿಗೆ ಸಿಟ್ಟು ಬಂತು. ಬಸ್ ಸ್ಟ್ಯಾಂಡ್ ತನಕ ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಲೈಬ್ರರಿ ಮೇಡಂ ಕೂಡ 'ಇಷ್ಟು ಹೇಳಿದ ಮೇಲೂ ಹಿಂಗ್ ಮಾಡಿದ್ಯಲ್ಲ' ಅನ್ನಲಿಲ್ಲ. ಎರಡನೇ ಸಲ ಅವನು ಕೈ ಎತ್ತಿದಾಗ ಅವಳು ಯೋಚನೆ ಮಾಡದೆ ನೇರ ಲೈಬ್ರರಿಗೆ ಬಂದಳು. ಅವತ್ತೇ ಅಮ್ಮನನ್ನು ಕರೆಸಿದರು. ಅಮ್ಮನಿಗೆ ಹೇಳುವಾಗ ಮೇಡಂ ಅವಳ ಪಕ್ಕದಲ್ಲೇ ಕೂತಿದ್ದರು. ಹುಡುಗಿ ಪರೀಕ್ಷೆ ಬರೆದಳು. ಈಗ ಡಿಗ್ರಿ ಓದುತ್ತಿದ್ದಾಳೆ.

ಇಲ್ಲಿ ಆ ಗೆಳತಿ, ಆ ಮೇಡಂ ಮಾಡಿದ ದೊಡ್ಡ ಕೆಲಸ ಅಂದರೆ ಅವಳು ವಾಪಸ್ ಹೋದಾಗಲೂ ಬಾಗಿಲು ಮುಚ್ಚದೇ ಇದ್ದದ್ದು. ಇಂಥ ಸಂಬಂಧದಿಂದ ಹೊರಗೆ ಬರುವವರು ಒಂದೇ ಸಲಕ್ಕೆ ಬರುವುದು ಕಡಿಮೆ. ದೊಡ್ಡವರ ಮದುವೆಗಳಲ್ಲೇ ಒಂದೇ ಸಲಕ್ಕೆ ಬಿಟ್ಟು ಬರುವುದು ಕಷ್ಟ. ಇನ್ನು ಹದಿನೇಳರ ಹುಡುಗಿಗೆ ಅದು ಮೊದಲ ಪ್ರೀತಿ. ಹೊಡೆದವನೇ ಮಾರನೇ ದಿನ ಕಾಲು ಹಿಡಿಯುತ್ತಾನೆ. ಅವಳು ನಂಬುತ್ತಾಳೆ. ಆಗ ನಾವು 'ನಮ್ಮ ಮಾತು ಕೇಳದಿದ್ರೆ ನಮ್ಮ ಹತ್ರ ಬರಬೇಡ' ಅಂದರೆ, ಮುಂದಿನ ಸಲ ಹೊಡೆತ ಬಿದ್ದಾಗ ಅವಳು ಎಲ್ಲಿಗೆ ಹೋಗಬೇಕು?

ಹಿಂಸೆ ಕೊಡುವವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಸುತ್ತಲಿನವರನ್ನು ಒಬ್ಬೊಬ್ಬರಾಗಿ ದೂರ ಮಾಡುವುದು. 'ಅವಳ ಜೊತೆ ಸೇರಬೇಡ, ಅವಳು ಸರಿ ಇಲ್ಲ.' 'ನಿಮ್ಮ ಅಕ್ಕಂಗೆ ನಾನಂದ್ರೆ ಆಗಲ್ಲ.' 'ಗ್ರೂಪಿಂದ ಎಕ್ಸಿಟ್ ಆಗು.' ಕೊನೆಗೆ ಆ ಮಗುವಿಗೆ ಜಗತ್ತಿನಲ್ಲಿ ಉಳಿಯುವುದು ಹೊಡೆಯುವವನು ಒಬ್ಬನೇ. ಈಗ ನಮ್ಮ ಕಡೆಯಿಂದ ಏನಾಗುತ್ತಿದೆ ನೋಡಿ. ವಿಷಯ ಗೊತ್ತಾದ ದಿನ ಮನೆಯವರು ಫೋನ್ ಕಿತ್ತುಕೊಳ್ಳುತ್ತಾರೆ, ಗೆಳತಿಯರ ಮನೆಗೆ ಹೋಗುವುದು ಬಂದ್. ಕಾಲೇಜಿನವರು ಟಿಸಿ ಕೊಡುತ್ತಾರೆ, ಪಕ್ಕದ ಬೆಂಚಿನ ಗೆಳತಿಯೂ ಹೋದಳು, ಲೈಬ್ರರಿ ಮೇಡಂ ಕೂಡ ಹೋದರು. ಅವನು ಶುರು ಮಾಡಿದ ಕೆಲಸವನ್ನು ನಾವೇ ನಿಂತು ಮುಗಿಸಿಕೊಟ್ಟಂತೆ ಆಗುತ್ತದೆ, ಅಲ್ವಾ? ಎಷ್ಟೋ ಸಲ ಟಿಸಿ ಸಿಗುವುದು ಹುಡುಗಿಗೆ ಮಾತ್ರ. ಹುಡುಗ ಅದೇ ಕಾಂಪೌಂಡಿನಲ್ಲಿ ಓಡಾಡಿಕೊಂಡಿರುತ್ತಾನೆ.

ಹದಿನೆಂಟು ತುಂಬದ ಹುಡುಗಿಗೆ 'ಮರ್ಯಾದೆ ಉಳಿಸೋಕೆ' ಮದುವೆ ಮಾಡುವ ಮನೆಗಳೂ ಇವೆ. ನಮ್ಮ ರಾಜ್ಯದ ಬಾಲ್ಯವಿವಾಹ ನಿಷೇಧ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲ ದಿನದಿಂದಲೇ ಅಸಿಂಧು. 2017ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಲಿ ಅಂತ ಹೇಳಿತ್ತು. ಕಾನೂನು ನಮ್ಮಲ್ಲೇ ಗಟ್ಟಿ ಇದೆ. ಟಿಸಿ ಬರೆದುಕೊಡುವ ಮುಂಚೆ ಆ ಹುಡುಗಿ ಇಲ್ಲಿಂದ ಎಲ್ಲಿಗೆ ಹೋಗುತ್ತಾಳೆ ಅಂತ ಪ್ರಾಂಶುಪಾಲರು ಒಂದು ಮಾತು ಕೇಳಬೇಕು.

ಇದೆಲ್ಲ ಎಲ್ಲೋ ಅಪರೂಪಕ್ಕೆ ಆಗುವುದು ಅಂತ ನಿಮಗೆ ಅನ್ನಿಸಬಹುದು. ಅಮೆರಿಕದಲ್ಲಿ ಸಿಡಿಸಿ ಅನ್ನುವ ಸರ್ಕಾರಿ ಆರೋಗ್ಯ ಸಂಸ್ಥೆ ಹೈಸ್ಕೂಲ್ ಮಕ್ಕಳನ್ನು ನೇರವಾಗಿ ಕೇಳುತ್ತದೆ. 2019ರ ಸರ್ವೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಡೇಟಿಂಗ್ ಮಾಡಿದ ಮಕ್ಕಳ ಪೈಕಿ ಸುಮಾರು 12ರಲ್ಲಿ ಒಬ್ಬರು ಸಂಗಾತಿಯಿಂದ ದೈಹಿಕ ಹಿಂಸೆ ಅನುಭವಿಸಿದ್ದೇವೆ ಅಂದರು. ಅಲ್ಲಿ ಅದನ್ನು ಲೆಕ್ಕ ಹಾಕುತ್ತಾರೆ, ಅದಕ್ಕೇ ಕಾಣುತ್ತದೆ. ನಮ್ಮ ಹೈಸ್ಕೂಲು, ಪಿಯು ಮಕ್ಕಳು 'ಡೇಟಿಂಗ್' ಅನ್ನುವುದೇ ಇಲ್ಲ. 'ಮಾತಾಡ್ತಾ ಇದೀವಿ' ಅನ್ನುತ್ತಾರೆ, 'ಸೆಟ್ ಆಗಿದೆ' ಅನ್ನುತ್ತಾರೆ. ಹೆಸರು ಏನೇ ಇರಲಿ, ಹೆದರಿಕೆ ಒಂದೇ.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆ ಆಯಿತು. ಒಬ್ಬಳದು ಕಾಲೇಜಿನ ಆವರಣದಲ್ಲೇ, ಇನ್ನೊಬ್ಬಳದು ಅವಳ ಮನೆಯಲ್ಲೇ. ಬೆದರಿಕೆ ಬಗ್ಗೆ ಮೊದಲೇ ಪೊಲೀಸರಿಗೆ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಎರಡನೇ ಹುಡುಗಿಯ ಮನೆಯವರು ಹೇಳಿದರು. ಪೊಲೀಸ್ ಸಿಬ್ಬಂದಿ ಅಮಾನತಾದರು. ಆಮೇಲೆ ಟಿವಿಯಲ್ಲಿ ದಿನಗಟ್ಟಲೆ ಏನೇನೋ ಜಗಳ ನಡೆಯಿತು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: 'ಬೇಡ ಅಂದ್ರೆ ಕೊಂದೇಬಿಡ್ತಾರಾ ಮೇಡಂ?' ಅವಳ ಭಯ ಸುಮ್ನೆ ಹುಟ್ಟಿದ್ದಲ್ಲ. ಇಂಥ ಸಂಬಂಧವನ್ನು ಮುರಿಯುವ ಸಮಯವೇ ಎಲ್ಲಕ್ಕಿಂತ ಅಪಾಯದ ಸಮಯ. ಅದಕ್ಕೇ 'ಈಗಲೇ ಬ್ಲಾಕ್ ಮಾಡು' ಅಂತ ಹೇಳಿ ನಾವು ಮನೆಗೆ ಹೋಗಿಬಿಡುವುದು ಸಹಾಯ ಅಲ್ಲ. ಬ್ಲಾಕ್ ಮಾಡಿದ ದಿನ ಯಾರ ಜೊತೆ ಬಸ್ ಹತ್ತುತ್ತಾಳೆ? ಮನೆ ಹತ್ತಿರ ಇಳಿದಾಗ ಯಾರು ಬಂದಿರುತ್ತಾರೆ? ಟ್ಯೂಷನ್ ದಾರಿ ಬದಲಾಯಿಸಬೇಕಾ? ಇದನ್ನೆಲ್ಲ ಅವಳ ಜೊತೆ ಕೂತು ಮೊದಲೇ ಮಾತಾಡಿರಬೇಕು.

ಈಗ ಕಾನೂನಿನ ವಿಷಯ. ಶಿಕ್ಷಕರು ಬಾಯಿ ಮುಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ ಅಂತ ನನಗೆ ಅನ್ನಿಸುತ್ತದೆ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಹದಿನೆಂಟರ ಒಳಗಿನ ಎಲ್ಲರೂ ಮಕ್ಕಳು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, 19ನೇ ಸೆಕ್ಷನ್ ಹಾಗೆ ಹೇಳುತ್ತದೆ. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳ ತನಕ ಜೈಲು. ಇಷ್ಟು ಕೇಳಿದ ಕೂಡಲೇ ಎಷ್ಟೋ ಶಿಕ್ಷಕರು ಕಿವಿಯನ್ನೇ ಮುಚ್ಚಿಕೊಳ್ಳುತ್ತಾರೆ. 'ನನ್ನ ಹತ್ರ ಏನೂ ಹೇಳ್ಬೇಡಮ್ಮ' ಅಂದುಬಿಡುತ್ತಾರೆ. ಇನ್ನು ಕೆಲವರು 'ಯಾರಿಗೂ ಹೇಳಲ್ಲ' ಅಂತ ಮಾತು ಕೊಟ್ಟು ಎಲ್ಲ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಹೇಳಲೇಬೇಕಾಗಿ ಬಂದಾಗ ಆ ಮಗು ಇನ್ನೆಂದೂ ಯಾವ ದೊಡ್ಡವರನ್ನೂ ನಂಬುವುದಿಲ್ಲ.

ನೇರವಾದ ದಾರಿ ಒಂದಿದೆ. ಮಗು ಬಾಯಿ ಬಿಡುವ ಮುಂಚೆಯೇ ಹೇಳಿಬಿಡಿ: 'ಕೆಲವು ವಿಷಯ ನನಗೆ ಗೊತ್ತಾದರೆ ನಾನು ತಿಳಿಸಲೇಬೇಕಾಗುತ್ತೆ. ಆದರೆ ನಿನಗೆ ಹೇಳದೆ, ನಿನ್ನ ಬೆನ್ನ ಹಿಂದೆ ಏನೂ ಮಾಡಲ್ಲ. ಸ್ಟೇಷನ್‌ಗೆ ಹೋಗೋದಾದ್ರೂ ನಾನು ಜೊತೆಗೆ ಬರ್ತೀನಿ.' ಹೀಗೆ ಹೇಳಿದರೆ ಮಕ್ಕಳು ಓಡಿಹೋಗುತ್ತಾರೆ ಅಂತ ಸಹೋದ್ಯೋಗಿಗಳು ನನಗೆ ಹೇಳುತ್ತಾರೆ. ನಾನು ನೋಡಿದ ಹಾಗೆ ಹೆಚ್ಚಿನವರು ಓಡುವುದಿಲ್ಲ. ತಮ್ಮ ಹತ್ತಿರ ಯಾರೋ ನಿಜ ಮಾತಾಡಿದರು ಅನ್ನುವುದೇ ಅವರಿಗೆ ಧೈರ್ಯ ಕೊಡುತ್ತದೆ. ಇನ್ನೊಂದು ಸಂಗತಿ ಗೆಳೆಯ ಗೆಳತಿಯರಿಗೆ ಗೊತ್ತಿರಲಿ: ತಿಳಿಸದಿದ್ದರೆ ಶಿಕ್ಷೆ ಅನ್ನುವ ಆ ನಿಯಮ ಮಕ್ಕಳಿಗೆ ಅನ್ವಯ ಆಗುವುದಿಲ್ಲ. ಗೆಳತಿಯ ಗುಟ್ಟು ಗೊತ್ತಿದ್ದ ತಪ್ಪಿಗೆ ಯಾವ ಮಗುವೂ ಜೈಲಿಗೆ ಹೋಗಲ್ಲ. ಆ ಭಯ ಬಿಟ್ಟು ನಂಬಿಕೆ ಇರುವ ದೊಡ್ಡವರೊಬ್ಬರ ಹತ್ತಿರ ಕರೆದುಕೊಂಡು ಬರಲಿ.

ಕೇಸ್ ಆದ ಮೇಲೆ ಮಗು ಒಂಟಿಯಾಗಬಾರದು ಅನ್ನುವುದನ್ನು ಕಾನೂನೇ ಒಪ್ಪಿಕೊಂಡಿದೆ. 2020ರ ಪೋಕ್ಸೋ ನಿಯಮಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿ ಮಗುವಿಗೆ ಒಬ್ಬ ಸಹಾಯಕ ವ್ಯಕ್ತಿಯನ್ನು ಕೊಡಬಹುದು. ತನಿಖೆಯಿಂದ ಹಿಡಿದು ವಿಚಾರಣೆ ಮುಗಿಯುವ ತನಕ ಆ ವ್ಯಕ್ತಿ ಮಗುವಿನ ಜೊತೆಗಿರುತ್ತಾರೆ. ಎಷ್ಟು ಪಾಲಕರಿಗೆ ಇದು ಗೊತ್ತು? ಎಷ್ಟು ಪ್ರಾಂಶುಪಾಲರು ಇದನ್ನು ಕೇಳಿ ಪಡೆದಿದ್ದಾರೆ?

ಇನ್ನೊಂದು ಕಗ್ಗಂಟು ಇದೆ. ಇಬ್ಬರೂ ಹದಿನೇಳರವರು, ಇಷ್ಟಪಟ್ಟೇ ಜೊತೆಗಿದ್ದವರು. ಆಮೇಲೆ ಹುಡುಗ ಹೊಡೆಯಲು ಶುರು ಮಾಡಿದ. ಹುಡುಗಿ ಹೊಡೆತದ ಬಗ್ಗೆ ಹೇಳಿದರೆ ಉಳಿದದ್ದೆಲ್ಲ ಹೊರಗೆ ಬರುತ್ತದೆ, ಹದಿನೆಂಟರ ಒಳಗಿನವರ ಒಪ್ಪಿಗೆಯನ್ನು ಕಾನೂನು ಲೆಕ್ಕಕ್ಕೆ ಹಿಡಿಯದ ಕಾರಣ ಅವನ ಮೇಲೆ ಪೋಕ್ಸೋ ಬೀಳುತ್ತದೆ. 'ನಾನು ಬಾಯಿ ಬಿಟ್ರೆ ಅವನ ಜೀವನ ಹಾಳು' ಅಂತ ಹುಡುಗಿಯರು ಏಟು ತಿಂದುಕೊಂಡು ಸುಮ್ಮನಿರುತ್ತಾರೆ. ಹುಡುಗ ಇದನ್ನೇ ಹಿಡಿದುಕೊಂಡು ಆಡಿಸುವುದೂ ಉಂಟು. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ನೋಡಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಯೋಚನೆ ಮಾಡಲಿ ಅಂದಿತು. 2023ರಲ್ಲಿ ಆಯೋಗ ವಯಸ್ಸು ಹದಿನೆಂಟೇ ಇರಲಿ, ಹದಿನಾರರಿಂದ ಹದಿನೆಂಟರ ಪ್ರಕರಣಗಳಲ್ಲಿ ಕೋರ್ಟಿಗೆ ವಿವೇಚನೆ ಇರಲಿ ಅಂತ ವರದಿ ಕೊಟ್ಟಿತು. ಆ ಚರ್ಚೆ ದೊಡ್ಡವರದು, ನಡೆಯಲಿ. ಆದರೆ ಅದೇ ತೀರ್ಪಿನಲ್ಲಿ ಧಾರವಾಡ ಪೀಠ ನಿಮ್ಮ ಇಲಾಖೆಗೂ ಒಂದು ಕೆಲಸ ಹೇಳಿತ್ತು. 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾನೂನನ್ನು ತಿಳಿಸಿಕೊಡಿ, ಅದಕ್ಕೆ ಪಠ್ಯ ತಯಾರಿಸಿ ಅಂತ. ಕ್ಲಾಸಿನೊಳಗೆ ಅದು ಹೇಗೆ ಬರುತ್ತಿದೆ ಅಂತ ನಿಮ್ಮ ಅಧಿಕಾರಿಗಳು ಒಮ್ಮೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ವರ್ಷಕ್ಕೊಮ್ಮೆ ಮೈಕ್ ಹಿಡಿದು ಸೆಕ್ಷನ್ ಓದಿ, ಫೋಟೋ ತೆಗೆಸಿಕೊಂಡು ಹೋದರೆ ಮಕ್ಕಳಿಗೆ ಉಳಿಯುವುದು ಹೆದರಿಕೆ ಮಾತ್ರ.

ನಗ್ನ ಫೋಟೋ ವಿಷಯದಲ್ಲಂತೂ ಮಕ್ಕಳು ಪೂರ್ತಿ ಕುಸಿದುಹೋಗುತ್ತಾರೆ. 'ಮಾತು ಕೇಳದಿದ್ರೆ ಗ್ರೂಪಿಗೆ ಹಾಕ್ತೀನಿ.' ಈ ಒಂದು ಬೆದರಿಕೆಗೆ ಹೆದರಿ ತಿಂಗಳುಗಟ್ಟಲೆ ನರಕ ಅನುಭವಿಸಿದವರಿದ್ದಾರೆ. ಹದಿನೆಂಟರ ಒಳಗಿನವರ ಅಂಥ ಫೋಟೋ ಹಂಚುವುದು ಐಟಿ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಐದು ವರ್ಷದ ತನಕ ಜೈಲು ಆಗಬಹುದು. 'ನೋಡ್ರೋ' ಅಂತ ಫಾರ್ವರ್ಡ್ ಮಾಡುವವರಿಗೂ ಇದು ಅನ್ವಯ. ಫೋಟೋ ಇಂಟರ್ನೆಟ್‌ನಲ್ಲಿ ಹರಡದ ಹಾಗೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ 2023ರಿಂದ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ, ಭಾರತದ ಮಕ್ಕಳೂ ಬಳಸಬಹುದು. ಫೋಟೋ ಯಾರಿಗೂ ಕಳಿಸಬೇಕಾಗಿಲ್ಲ. ಅದರ ಡಿಜಿಟಲ್ ಗುರುತನ್ನು ಮಾತ್ರ ತೆಗೆದು, ಸೇರಿಕೊಂಡಿರುವ ಆ್ಯಪ್‌ಗಳಿಗೆ ಕೊಡುತ್ತಾರೆ. ಆದರೆ ನಡುಗುವ ಕೈಯಲ್ಲಿ ಇದನ್ನೆಲ್ಲ ಒಬ್ಬಳೇ ಮಾಡಲು ಆಗುತ್ತಾ? ಪಕ್ಕದಲ್ಲಿ ಯಾರಾದರೂ ಕೂತಿರಬೇಕು. 'ಅಂಥ ಫೋಟೋ ಯಾಕೆ ಕಳಿಸಿದೆ' ಅಂತ ಕೇಳದವರು ಕೂತಿರಬೇಕು.

ಹುಡುಗರ ಬಗ್ಗೆ ಹೇಳದೆ ಹೋದರೆ ಈ ಪತ್ರ ಅರ್ಧವೇ. ಏಟು ತಿನ್ನುವ ಹುಡುಗರಿದ್ದಾರೆ, ಅವರು ಹೇಳಿದರೆ ಎಲ್ಲರೂ ನಗುತ್ತಾರೆ. ಹುಡುಗನನ್ನು ಪ್ರೀತಿಸುವ ಹುಡುಗ, ಹುಡುಗಿಯನ್ನು ಪ್ರೀತಿಸುವ ಹುಡುಗಿ ಇದ್ದಾರೆ, 'ನಿಮ್ಮ ಮನೆಗೆ ಹೇಳ್ತೀನಿ' ಅನ್ನುವ ಒಂದೇ ಮಾತಿನಲ್ಲಿ ಅವರನ್ನು ಕಟ್ಟಿಹಾಕಬಹುದು. ಇನ್ನು ಹೊಡೆಯುವ ಹುಡುಗ. ಅವನೂ ನಮ್ಮ ಕ್ಲಾಸಿನವನೇ. ಅವನು ಮಾಡಿದ್ದಕ್ಕೆ ಅವನು ಉತ್ತರ ಕೊಡಲೇಬೇಕು. ಜೊತೆಗೆ, 'ಲವ್ ಅಂದ್ರೆ ಪೊಸೆಸಿವ್ ಆಗಿರ್ಬೇಕು' ಅಂತ ಅವನಿಗೆ ಕಲಿಸಿದವರು ಸುತ್ತ ತುಂಬಾ ಜನ ಇದ್ದಾರೆ. ಬೇರೆ ಥರ ಹೇಳುವ ಗಂಡಸು ಒಬ್ಬನೂ ಇಲ್ಲ.

ಇದನ್ನು ಬದಲಾಯಿಸಬಹುದು ಅನ್ನುವುದಕ್ಕೆ ಉದಾಹರಣೆ ಮುಂಬೈನಲ್ಲೇ ಇದೆ. ಅಮೆರಿಕದಲ್ಲಿ ಶಾಲಾ ಆಟದ ಕೋಚ್‌ಗಳ ಮೂಲಕ ಹುಡುಗರ ಜೊತೆ ಮಾತಾಡುವ 'ಕೋಚಿಂಗ್ ಬಾಯ್ಸ್ ಇಂಟು ಮೆನ್' ಅನ್ನುವ ಕಾರ್ಯಕ್ರಮ ಇತ್ತು. ಅದನ್ನೇ ನಮ್ಮ ನೆಲಕ್ಕೆ ಹೊಂದಿಸಿ ಮುಂಬೈನ ಕ್ರಿಕೆಟ್ ಕೋಚ್‌ಗಳ ಜೊತೆ 'ಪರಿವರ್ತನ್' ಅಂತ ನಡೆಸಿದರು. ದೊಡ್ಡ ಉಪನ್ಯಾಸ ಇಲ್ಲ. ಪ್ರಾಕ್ಟೀಸ್ ಮಧ್ಯೆ ಕೋಚ್ ಹುಡುಗರನ್ನು ಕೂರಿಸಿಕೊಂಡು ಹುಡುಗಿಯರ ಬಗ್ಗೆ ಹೇಗೆ ಮಾತಾಡುತ್ತೇವೆ, ಸಿಟ್ಟು ಬಂದಾಗ ಏನು ಮಾಡುತ್ತೇವೆ ಅಂತ ಮಾತಾಡುತ್ತಿದ್ದರು. ಹುಡುಗರು ಕೋಚ್ ಮಾತು ಕೇಳುತ್ತಾರೆ, ಯಾಕಂದರೆ ಕೋಚ್ ಜೊತೆ ಅವರಿಗೆ ಸಂಬಂಧ ಇದೆ. ನಮ್ಮ ಪಿಟಿ ಮೇಷ್ಟ್ರುಗಳಿಗೂ ಆ ಸಲಿಗೆ ಇದೆ. ಕಬಡ್ಡಿ ಅಂಕಣದಲ್ಲಿ, ವಾಲಿಬಾಲ್ ನೆಟ್ ಪಕ್ಕದಲ್ಲಿ ಅವರು ಹೇಳುವ ಮಾತು ನಾವು ಬೋರ್ಡ್ ಮುಂದೆ ನಿಂತು ಹೇಳುವುದಕ್ಕಿಂತ ಜಾಸ್ತಿ ಒಳಗೆ ಇಳಿಯುತ್ತದೆ. ಅವರಿಗೆ ತರಬೇತಿ ಕೊಡಿ.

ಹಾಗಾದರೆ ನಾನು ಇಲಾಖೆಯಿಂದ ಕೇಳುತ್ತಿರುವುದು ಏನು? ಮೊದಲನೆಯದು, ಹಿಂಸೆಯ ಬಗ್ಗೆ ಹೇಳಿಕೊಂಡ ಯಾವ ಮಗುವಿಗೂ ಅದೇ ಕಾರಣಕ್ಕೆ ಟಿಸಿ ಕೊಡಬಾರದು ಅಂತ ಸ್ಪಷ್ಟವಾದ ಸುತ್ತೋಲೆ ಹೊರಡಿಸಿ. ಕ್ಲಾಸಿನ ಸೆಕ್ಷನ್ ಬದಲಾಯಿಸಬೇಕು, ಬೆಂಚು ಬದಲಾಯಿಸಬೇಕು ಅಂದರೆ ಹಿಂಸೆ ಕೊಟ್ಟವರದು ಬದಲಾಗಲಿ. ಆಮೇಲೆ, ಪ್ರತಿ ಕಾಲೇಜಿನಲ್ಲಿ ಇಂಥ ಮಾತು ಕೇಳಿಸಿಕೊಳ್ಳುವವರು ಯಾರು ಅನ್ನುವುದನ್ನು ಮಕ್ಕಳೇ ಹೇಳಲಿ. ಒಂದು ಚೀಟಿಯಲ್ಲಿ 'ಕಷ್ಟ ಬಂದರೆ ಯಾರ ಹತ್ತಿರ ಹೋಗ್ತೀಯ' ಅಂತ ಹೆಸರು ಬರೆಸಿ ನೋಡಿ. ನೀವು ನೇಮಿಸಿದ ಸಮಿತಿಯ ಅಧ್ಯಕ್ಷರ ಹೆಸರು ಅದರಲ್ಲಿ ಇರುತ್ತದಾ ಗೊತ್ತಿಲ್ಲ. ಅಟೆಂಡರ್ ಅಕ್ಕನ ಹೆಸರು, ಲೈಬ್ರರಿ ಮೇಡಂ ಹೆಸರು ಖಂಡಿತ ಇರುತ್ತದೆ. ಅವರಿಗೆ ತರಬೇತಿ ಕೊಡಿ, ಅದಕ್ಕೆ ಸಮಯ ಕೊಡಿ, ಬಾಗಿಲು ಮುಚ್ಚಿಕೊಂಡು ಕೂರಲು ಒಂದು ಜಾಗ ಕೊಡಿ. ಪ್ರಕರಣ ದೊಡ್ಡದಾದಾಗ ಅವರ ಮೇಲೆಯೇ ನೋಟಿಸ್ ಬರದ ಹಾಗೆ ನೋಡಿಕೊಳ್ಳಿ. ಸಹಾಯ ಮಾಡಿದವರನ್ನೇ ವಿಚಾರಣೆಗೆ ಕರೆದರೆ ಮುಂದಿನ ಸಲ ಯಾರೂ ಮುಂದೆ ಬರುವುದಿಲ್ಲ.

ಪಾಲಕರ ಸಭೆಯಲ್ಲಿ ಅಂಕಪಟ್ಟಿ ಜೊತೆಗೆ ಈ ವಿಷಯಕ್ಕೂ ಅರ್ಧ ಗಂಟೆ ಇಡಿ. ಮಗಳು ಅಥವಾ ಮಗ ಬಂದು ಹೇಳಿದ ದಿನ ಮನೆಯಲ್ಲಿ ಏನು ಹೇಳಬೇಕು ಅಂತ ಅಪ್ಪ ಅಮ್ಮನಿಗೂ ಯಾರೂ ಕಲಿಸಿಲ್ಲ. ಎಷ್ಟೋ ಅಮ್ಮಂದಿರು ನನ್ನ ಮುಂದೆ ಅತ್ತಿದ್ದಾರೆ. ಹೊಡೆದದ್ದು ಸಿಟ್ಟಿನಿಂದಲ್ಲ, ಭಯದಿಂದ ಅಂತ ಹೇಳಿದ್ದಾರೆ.

ಈ ಸಹಾಯವಾಣಿ ನಂಬರ್‌ಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಸಾಲದು, ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಯಾರೂ ನೋಡದ ಹಾಗೆ ಬರೆದುಕೊಳ್ಳಲು ಅದೇ ಜಾಗ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ. ತಕ್ಷಣದ ಅಪಾಯ ಇದ್ದರೆ 112. ಮನಸ್ಸು ಕುಗ್ಗಿದ್ದರೆ, ಸಾಯಬೇಕು ಅನ್ನಿಸುತ್ತಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಹಿಳಾ ಸಹಾಯವಾಣಿ 181. ನಂಬರ್‌ನ ಕೆಳಗೆ, ಮಕ್ಕಳು ಚೀಟಿಯಲ್ಲಿ ಬರೆದ ನಿಮ್ಮದೇ ಕಾಲೇಜಿನ ಒಬ್ಬರ ಹೆಸರು, ಅವರು ಸಿಗುವ ಜಾಗ, ಸಿಗುವ ಹೊತ್ತು ಕೂಡ ಬರೆಯಿರಿ.

ಜೂನ್‌ನಲ್ಲಿ ಹೊಸ ಮಕ್ಕಳು ಪಿಯುಗೆ ಬರುತ್ತಾರೆ. ಸುತ್ತೋಲೆ ಅದಕ್ಕೆ ಮುಂಚೆ ಬರಲಿ. ತರಬೇತಿಗೆ ಜನ ಬೇಕಾದರೆ ನಾನು ಬರುತ್ತೇನೆ, ನನ್ನಂಥ ಇನ್ನೂ ಕೆಲವರನ್ನು ಕರೆದುಕೊಂಡು ಬರುತ್ತೇನೆ.

ಇಂತಿ,
ಒಬ್ಬ ಪಿಯು ಉಪನ್ಯಾಸಕಿ